ರಸ್ತೆಯ ಮೇಲೆ ಒಕ್ಕಿದ ರಾಗಿ

ಬಿಸಿ ಡಾಂಬರಿನ ಮೇಲೆ ಗಾಲಿಗೆ ಸಿಕ್ಕು ನುಗ್ಗಾದ ರಾಗಿಹುಲ್ಲಿಗೆ ಒಂದು ವಾಸನೆಯಿದೆ, ಅರ್ಧ ಹೊಲದ್ದು, ಅರ್ಧ ಗ್ಯಾರೇಜಿನದು. ಹೋದ ವಾರ ಬೀರೂರಿನಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಬರುವಾಗ ಅದು ಕಿಟಕಿಯಿಂದ ಮುಖಕ್ಕೆ ಬಡಿಯಿತು. ಯಾರೋ ರಸ್ತೆಯ ಅರ್ಧಕ್ಕೆ ತೆನೆ ಹರವಿದ್ದರು. ಬಸ್ಸು ಅದರ ಮೇಲೆ ಸರಸರ ಹಾಯುವಾಗ ನಾನು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದೆನೆಂದು ಕಾಣುತ್ತದೆ. ಪಕ್ಕದ ಹೆಂಗಸು, "ವಾಂತಿ ಬರೋ ಹಂಗಾಗ್ತೈತಾ? ಕಿಟಕಿ ಕಡೆ ಬರ್ರಿ ಮತ್ತೆ, ನನ್ ಸೀರೆ ಹೊಸ್ದು" ಅಂದಳು.

ನಮ್ಮ ಮನೆ ಬುಕ್ಕಾಂಬುಧಿಯಿಂದ ಆಚೆ, ಸಣ್ಣ ಕೆರೆಯೊಂದರ ಏರಿ ಮುಗಿಯುವಲ್ಲಿ, ರಸ್ತೆಗೆ ಅಂಟಿಕೊಂಡೇ ಇತ್ತು. ಜಿಲ್ಲೆಯ ಗಡಿಯ ಚೆಕ್‌ಪೋಸ್ಟಿನಿಂದ ಹೊರಟು, ಕೆರೆಯಿಂದ ಕೆರೆಗೆ ಏರಿ ಹಿಡಿದು, ಅಜ್ಜಂಪುರ ಹಾದು ತರೀಕೆರೆಗೆ ಹೋಗುವ ರಸ್ತೆ. ಅದಕ್ಕೆ ಡಾಂಬರು ಬಿದ್ದ ಮೇಲೆ ಊರಿನವರು ಸಗಣಿ ಸಾರಿಸಿ ಕಣ ಮಾಡುವುದನ್ನೇ ಬಿಟ್ಟರಂತೆ. ಸುಗ್ಗಿಯಲ್ಲಿ ತೆನೆಯನ್ನು ರಸ್ತೆಗೆ ಹರವಿದರೆ ಬಸ್ಸು, ಲಾರಿ, ಟ್ರ್ಯಾಕ್ಟರುಗಳೇ ಒಕ್ಕಿಕೊಡುತ್ತಿದ್ದವು. ಅಪ್ಪನ ತಂಗಿ ಗಂಗತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದವಳು, ಸೆರಗನ್ನು ತಲೆಗೂ ಕಿವಿಗೂ ಬಿಗಿದು, ಕವೆಗೋಲಿನಿಂದ ಹುಲ್ಲು ತಿರುವುತ್ತಾ ಇಡೀ ದಿನ ರಸ್ತೆಯಲ್ಲೇ ಇರುತ್ತಿದ್ದಳು. "ಏನಪ್ಪಾ, ಅಂಚಿನಾಗೆ ಹೋಗ್ತೀಯಲ್ಲ, ನಡುಮಧ್ಯ ತುಳ್ಕೊಂಡು ಹೋಗು" ಅಂತ ಅವಳು ಕೂಗಿದರೆ, ದಿನಾ ಬರುವ ಬಸ್ಸಿನ ಡ್ರೈವರ್ "ಒಕ್ಕೋದು ನಾನು, ಮುದ್ದೆ ಉಣ್ಣೋರು ನೀವು, ಚೆನ್ನಾಗೈತೆ ಕಣಕ್ಕಾ" ಅನ್ನುತ್ತಿದ್ದನಂತೆ. ಇದು ಅಪ್ಪ ಹೇಳಿ ನನಗೆ ಗೊತ್ತು. ನಾನು ಕೇಳಿದ್ದೇನೋ ಇಲ್ಲವೋ ಹೇಳಲಾರೆ. ಅವಳು ತಲೆ ಬಾಚುವಾಗ ಕೂದಲನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದಳೆಂಬುದು ಮಾತ್ರ ನನ್ನದೇ ನೆನಪು. ಹಣೆಯ ಚರ್ಮಕ್ಕೆ ಅದು ಇನ್ನೂ ಗೊತ್ತು.

ಏರಿ ತಿರುಗುವ ಕಡೆ ಮರೆ ಇತ್ತು. ಆಚೆಯಿಂದ ಬರುವವರಿಗೆ ರಾಗಿಯೂ ಕಾಣದು, ರಾಗಿಯ ಮೇಲಿನ ಮನುಷ್ಯರೂ ಕಾಣರು. ಊರಿನ ಕಡೆಯ ಡ್ರೈವರುಗಳಿಗೆ ಸುಗ್ಗಿಯ ತಿಂಗಳು ಬಂತೆಂದರೆ ಸಾಕು, ಎಲ್ಲಿ ನಿಧಾನ ಮಾಡಬೇಕೆಂದು ತಿಳಿಯುತ್ತಿತ್ತು. ಗಡಿಯಾಚೆಯ ಲಾರಿಗಳಿಗೆ ತಿಳಿಯದು. ಚೆಕ್‌ಪೋಸ್ಟಿನಲ್ಲಿ ಗಂಟೆಗಟ್ಟಲೆ ಕಾದು, ಕಳೆದ ಹೊತ್ತನ್ನು ನಮ್ಮ ಏರಿಯ ಮೇಲೆ ಹಿಡಿಯಲು ನೋಡುತ್ತಿದ್ದವು. ಅದಕ್ಕೇ ತಿರುವಿನಲ್ಲಿ ಒಬ್ಬರು ಕೆಂಪು ಟವಲ್ ಬೀಸುತ್ತಾ ನಿಲ್ಲಬೇಕಿತ್ತು. ಆ ವರ್ಷ ನನಗೆ ಒಂಬತ್ತು. ನಿಲ್ಲುವ ಕೆಲಸ ನನ್ನದಾಗಿತ್ತು.

ಆವತ್ತು ಮಧ್ಯಾಹ್ನ ನಾನು ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದೆ. ಹೊರಗೆ ಬ್ರೇಕಿನ ಸದ್ದು ಬಂತು, ಅಮ್ಮ ಒಲೆ ಮುಂದಿನಿಂದ ಓಡಿದಳು. ಸೆರಗು ಬಿಗಿದ ಕಿವಿಗೆ ಹುಲ್ಲಿನ ಸದ್ದಿನಲ್ಲಿ ಲಾರಿ ಕೇಳಿಸಿರಲಿಕ್ಕಿಲ್ಲ. ಗಂಗತ್ತೆ ಬೆನ್ನು ಹಾಕಿ ನಿಂತಿದ್ದಳಂತೆ. ಡ್ರೈವರ್ ಓಡಿಹೋಗಲಿಲ್ಲ. ರಾಗಿಯ ಮೇಲೇ ಕುಕ್ಕರಿಸಿ, "ತಿರುವಿನಾಗೆ ಯಾರೂ ಇರ್ಲಿಲ್ಲ ಸ್ವಾಮಿ, ಯಾರೂ ಇರ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಸೇರಿದವರು ಒಮ್ಮೆ ನನ್ನ ಕಡೆ ನೋಡಿ ಬೇರೆ ಕಡೆ ನೋಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ನಾನು ತಿರುವು ಬಿಟ್ಟು ಹೋದದ್ದು ಗಂಗತ್ತೆ ಕರೆದದ್ದಕ್ಕೆ. "ಬಾರೇ ಸಾಕು, ಒಂದು ಗುಕ್ಕು ತಿಂದು ಹೋಗು" ಅಂತ ರಸ್ತೆಯ ಮೇಲಿಂದ ಕೂಗಿದಳು. ಕಾಲೇಜಿನಲ್ಲಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ, ಡೈರಿಯ ಎಷ್ಟೋ ಪುಟಗಳಲ್ಲಿ ಇದನ್ನು ಬರೆದಿದ್ದೇನೆ. ಪ್ರತಿ ಸಲವೂ ಮಾತು ಅದೇ, ಒಂದಕ್ಷರ ಬದಲಾಗಿಲ್ಲ. ನನ್ನ ಮಿಕ್ಕ ನೆನಪುಗಳೆಲ್ಲ ಬರೆದಾಗಲೊಮ್ಮೆ ಬಣ್ಣ ಬದಲಿಸುತ್ತವೆ, ಇದೊಂದು ಯಾಕೆ ಹೀಗೆ ಗಟ್ಟಿ ಎಂಬ ಅನುಮಾನ ಬಂದದ್ದು ಈಚೆಗೆ. ಅಷ್ಟರಲ್ಲಿ ರಸ್ತೆ ಅಗಲವಾಗಿ ಮನೆಯ ಮುಂದಿನರ್ಧ ಹೋಗಿತ್ತು. ಈಗ ತಿರುವೂ ಇಲ್ಲ, ನೇರ ಮಾಡಿದ್ದಾರೆ. ಹೋಗಿ ನಿಂತು ನೋಡೋಣವೆಂದರೆ ನಿಲ್ಲುವುದಕ್ಕೆ ಜಾಗವಿಲ್ಲ. ಉಳಿದವಳು ಅಮ್ಮ ಒಬ್ಬಳೇ, ತರೀಕೆರೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಹೋದ ವಾರ ಊರಿಗೆಂದು ಹೊರಟವಳು ಅಜ್ಜಂಪುರದಲ್ಲಿ ಬಸ್ಸು ಬದಲಿಸಿ ಅಲ್ಲಿಗೇ ಹೋದೆ.

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಆವತ್ತು ಅತ್ತೆ ನನ್ನನ್ನು ಕರೆದದ್ದು ನಿಜವೇ ಎಂದು ಕೇಳಿದ್ದಕ್ಕೆ ತಲೆ ಎತ್ತಲಿಲ್ಲ.

"ಗಂಗಾ ಹೋದ್ಮೇಲೆ ನೀನು ಊಟ ಬಿಟ್ಟು ಕೂತಿದ್ದೆ ಕಣೇ, ಕಡ್ಡಿ ಆಗೋಗಿದ್ದೆ. ನೀನಾಗಿ ಬಂದಿದ್ದಲ್ಲ, ಗಂಗಾನೇ ಕರೆದಿದ್ದು ಅಂತ ನಾನು ದಿನಾ ಹೇಳ್ತಿದ್ದೆ. ಹೇಳ್ಹೇಳಿ ಒಂದೊಂದು ತುತ್ತು ತಿನ್ನಿಸ್ದೆ."

"ಹಂಗಾದ್ರೆ ಅತ್ತೆ ಕರೀಲಿಲ್ವಾ?"

"ನಾನು ಒಲೆ ಮುಂದೆ ಇದ್ದೆ. ನಂಗೇನು ಗೊತ್ತು?"

ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿ, "ಕರೆದಿರ್ತಾಳೆ ಬಿಡು" ಅಂದಳು. ನನಗೂ ಒಂದು ಹಿಡಿ ಕಾಯಿ ಸರಿಸಿದಳು.

ಕಾಯಿ ಬಿಡಿಸುತ್ತಾ ಕೂತೆ. ತಪ್ಪು ನನ್ನದಿರಬಹುದು ಎಂಬುದಕ್ಕೆ ಒಳಗೊಳಗೇ ಎಂದೋ ಸಿದ್ಧಳಾಗಿದ್ದೆನೇನೋ, ಅದು ಅಷ್ಟು ಬಡಿಯಲಿಲ್ಲ. ಗಂಗತ್ತೆಯ ಉಳಿದ ಮಾತುಗಳನ್ನೆಲ್ಲ ಅವರಿವರ ಬಾಯಿಂದ ತಿಳಿದವಳು ನಾನು. ಅವಳ ದನಿಯಲ್ಲಿ, ನನ್ನ ಕಿವಿಯಲ್ಲೇ ಉಳಿದಿದೆ ಅಂದುಕೊಂಡಿದ್ದದ್ದು ಆ ಒಂದು ಕರೆ. ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳಲು ನೋಡಿದೆ. ಮಾತು ಬಂತು, ದನಿ ಬರಲಿಲ್ಲ.