ಟಗರಿನ ಬೆನ್ನಿನ ಎರಡು ಪಟ್ಟಿ

ಮುಂಜಾನೆ ಮಗ ಮೊಬೈಲ್ ನೋಡಕೋತ, "ಅವ್ವಾ, ಫೌಜಿನ್ಯಾಗ ನಾಯಕ್‌ಗ ತೋಳಿನ ಮ್ಯಾಲೆ ಎರಡು ಪಟ್ಟಿ, ಹವಾಲ್ದಾರಗ ಮೂರು. ಪಟ್ಟಿ ಏರಿದ್ಹಂಗ ಪಗಾರನೂ ಏರತೈತಿ," ಅಂದ. ನನಗ ಕಾವಿಮಣ್ಣಿನ ವಾಸನಿ ಬಂದ್ಹಂಗಾತು.

ಗಡಹಿಂಗ್ಲಜ ಕಡೆ ನನ್ನ ತವರೂರಾಗ ಗುರುತಿಗಂತ ಕುರಿ ಬೆನ್ನಿಗೆ ಕಾವಿ ಗೀಟು ಹಚ್ಚತಿದ್ದರು. ಫೌಜಿನಿಂದ ಪೆನ್ಶನ್ ಬಂದಿದ್ದ ನಮ್ಮ ಕಾಕಾ ಆ ಗೀಟು ತೋರಿಸೇ ನಮ್ಮಣ್ಣಗ ಪಾಠ ಹೇಳತಿದ್ದರು. ಒಂದು ಗೀಟಿಂದು ಲಾನ್ಸ್ ನಾಯಕ್, ಎರಡರದು ನಾಯಕ್, ಮೂರರದು ಹವಾಲ್ದಾರ.

"ಗೀಟೇ ಇಲ್ಲದ್ದು ಯಾವುದ್ರಿ ಕಾಕಾ?" ಅಂತ ಅಣ್ಣ ಕೇಳಿದ.

"ಅದು ನೀನೋ ಮಗನ, ಸಿಪಾಯಿ! ಎಲ್ಲಾರಕಿಂತ ಕಡಿಮಿ ಪಗಾರ."

ಅಣ್ಣ ಸಿಪಾಯಿ ಆದ. ಮೊದಲ ಸುಟ್ಟಿಗೆ ಬಂದಾಗ ತನ್ನ ಟಗರಿಗೆ ಎರಡು ಗೀಟು ಎಳದು, "ಅವ್ವಾ, ನನಗ ಇಷ್ಟು ಪಟ್ಟಿ ಬಂದ್ರ ನಿನಗ ಹುಪರಿ ಪ್ಯಾಟಿಂದ ಬೆಳ್ಳಿ ಕಾಲ್ಗಡಗ ತರತೀನಿ," ಅಂದ.

ಸುಟ್ಟಿ ಮುಗಿಸಿ ಹೋದಾಂವ ಹೆಣದ ಪೆಟ್ಟಿಗ್ಯಾಗ ಬಂದ. ಅವ್ವ ಅವನ ಅಂಗಿ ತೋಳು ಸವರಿ, "ಇನ್ನೂ ಒಂದೂ ಪಟ್ಟಿ ಹಚ್ಚಿದ್ದಿಲ್ಲಲ್ರೀ," ಅಂದಳು. ಕಾಕಾ ಮಾರಿ ತಿರುವಿದರು.

ಕಂಬಳಿಗಂತ ಉಣ್ಣಿ ಕತ್ತರಸಾವ್ರು ಬಂದಾಗ ಅವ್ವ ಅಣ್ಣ ಗೀಟು ಎಳದಿದ್ದ ಆ ಟಗರನ್ನ ತಬ್ಬಿ ಹಿಡದು ಬಿಡಲೇ ಇಲ್ಲ. ಬ್ಯಾಸಗಿ ಬಂತು. ಉಣ್ಣಿ ಹೊತ್ತ ಟಗರು ಬಿಸಲಾಗ ತೇಕಾಕತ್ತಿತು. ಕಡೀಕ ಅವ್ವನೇ, "ಕತ್ತರಸ್ರಿ. ಮೂಕ ಜೀವಕ್ಕ ಯಾಕ ತ್ರಾಸು," ಅಂದಳು. ಕೆಂಪಗಿದ್ದ ಒಂದು ಹಿಡಿ ಉಣ್ಣಿ ಮಾತ್ರ ಮನಿದೇವರು ಬೀರಪ್ಪನ ಜಗಲಿ ಮ್ಯಾಲೆ ಇಟ್ಟಳು.

ಅವ್ವ ತೀರಿಹೋದ ಮ್ಯಾಲೆ ಆ ಉಣ್ಣಿ ನನ್ನ ಮನಿ ಜಗಲಿಗೆ ಬಂತು. ಇವತ್ತ ಮಗ ಫೌಜಿನ ಭರ್ತಿಗಂತ ಓಡಾಕ ಹೊಂಟಾಗ ಅವನ ಹಣಿಗೆ ದೇವರ ಭಂಡಾರ ಹಚ್ಚಿದೆ.

"ಅವ್ವಾ, ಈ ಉಣ್ಣಿ ಯಾಕ ದೇವರ ಹಂತೇಕ ಇಟ್ಟಿ?"

"ನಿಮ್ಮ ಸ್ವಾದರಮಾವನ ಪಟ್ಟಿ, ಮಗಾ. ಕೈಮುಗಿ," ಅಂದೆ.