ತಸ್ಲೀಮ್ ಮೇಡಂ ಕೇಳದ ಪ್ರಶ್ನೆ
ಶಿರಸಿಯ ಸ್ಕ್ಯಾನಿಂಗ್ ಡಾಕ್ಟರು ತಸ್ಲೀಮ್ ಮೇಡಂಗೆ ದಪ್ಪ ಮಕ್ಕಳ ಲಿವರ್ ನೋಡುವುದೆಂದರೆ ಇಂದಿಗೂ ಸಮುದ್ರವನ್ನು ಮೊದಲ ಸಲ ಕಂಡಷ್ಟು ಬೆರಗು. ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಎಂದಿದ್ದರೂ ಹತ್ತಿರದ ಹೆಗಡೆಕಟ್ಟಾ ಊರಿನ ಅಜ್ಜಿಯರು, "ಎಂತದೂ ಕೊಟ್ಟಿದ್ನಿಲ್ಲೆ, ಎರಡೇ ದೋಸೆ" ಎನ್ನುತ್ತಾರೆ. ಮೇಡಂ ನಕ್ಕು ಮಧ್ಯಾಹ್ನದವರೆಗೆ ಕೂರಿಸುತ್ತಾರೆ. ತಣ್ಣನೆಯ ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿ, ಸ್ಕ್ಯಾನಿಂಗ್ ಪರದೆಯನ್ನು ಮಗುವಿನತ್ತ ತಿರುಗಿಸಿ, "ನೋಡು ಮಗಾ, ಕೊಬ್ಬು ಕೂತಲ್ಲೆಲ್ಲ ಬೆಳ್ಳಗೆ ಕಾಣ್ತದೆ. ಇಷ್ಟು ಹೊತ್ಕೊಂಡೂ ಇದು ಒಂದು ದಿನ ರಜೆ ಹಾಕಿಲ್ಲ" ಎಂದು ಪಿಸುದನಿಯಲ್ಲಿ ಹೇಳುತ್ತಾರೆ. ಆದರೆ "ಏನು ತಿನ್ನಿಸಿದಿರಿ" ಎಂದು ಯಾವ ತಾಯಿಯನ್ನೂ ಕೇಳುವುದಿಲ್ಲ. ಮೊದಲು ಕೇಳುತ್ತಿದ್ದರು, ಗದರುತ್ತಲೂ ಇದ್ದರು. ಒಂದು ಭಾನುವಾರ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೇ ಮಲಗಿಸಿ ನೋಡಿದರು. ಇಬ್ಬರದೂ ಒಂದೇ ಊಟ, ಒಂದೇ ದುಂಡು ಮೈ. ದೊಡ್ಡವಳ ಲಿವರ್ ಚೆನ್ನಾಗಿತ್ತು, ಚಿಕ್ಕವಳದು ಹಾಲಿನಂತೆ ಬೆಳ್ಳಗಿತ್ತು. ಇಬ್ಬರಿಗೂ ತಿನ್ನಿಸಿದ ಕೈ ಮಾತ್ರ ಒಂದೇ, ಅವರದೇ.