ದಾಸ ಹಿಡಿಯದ ಹಗ್ಗ

ಅಂತರಸಂತೆ ಪಕ್ಕದ ಹಾಡಿಯ ದಾಸ ಇಪ್ಪತ್ತು ವರ್ಷ ತನ್ನ ಭಾವ ಕೆಂಚನಿಗೆ ಹಗ್ಗ ಹಿಡಿದವನು. ಬಂಡೆಯಿಂದ ಇಳಿದು ಜೇನು ಕೀಳುವವನ ಹಗ್ಗವನ್ನು ಆ ಹಾಡಿಯಲ್ಲಿ ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅಕ್ಕನ ಬಾಳು ಕೈಯಲ್ಲಿರುವಾಗ ಯಾವ ತಮ್ಮನೂ ಹಿಡಿತ ಸಡಿಲಿಸುವುದಿಲ್ಲ.

ಕರಾವಳಿಯ ಸಣ್ಣ ಊರೊಂದರಿಂದ ಸಾಕ್ಷ್ಯಚಿತ್ರ ತೆಗೆಯಲು ಒಬ್ಬ ನಿರ್ದೇಶಕ ಬಂದ. ಮೊದಲ ದಿನ ಇಬ್ಬರನ್ನೂ ಚಿತ್ರೀಕರಿಸಿದ. ಮರುದಿನ ದಾಸ ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿದ್ದ. ಬೆಳಕು ಚೆನ್ನಾಗಿದೆ, ಇನ್ನೊಮ್ಮೆ ಇಳಿಯಿರಿ ಎಂದ ನಿರ್ದೇಶಕ.

"ದಾಸ ಬರ್ಲಿ ಸಾ," ಎಂದ ಕೆಂಚ.

"ಇವತ್ತು ನಾನೇ ನಿಮ್ಮ ಭಾವಮೈದ ಅಂದ್ಕೊಳ್ಳಿ."

ಬಾಯಿ ತುಂಬ ನೆಂಟಸ್ತನ ಹೇಳಿದವನಿಗೆ ಆಗುವುದಿಲ್ಲ ಅನ್ನಲು ಕೆಂಚನಿಗೆ ಬರಲಿಲ್ಲ. ಇಳಿದ. ಜೇನು ಎದ್ದು ಮುತ್ತಿದ್ದೇ ತಡ, ನಿರ್ದೇಶಕ ಹಗ್ಗ ಬಿಟ್ಟು ಓಡಿದ. ಅವನ ಕ್ಯಾಮೆರಾ ಮಾತ್ರ ಕದಲದೆ ನಿಂತು ಕೆಂಚ ಬೀಳುವುದನ್ನು ತೆಗೆಯಿತು. ಕೆಂಚ ಆಮೇಲೆ ಎದ್ದು ನಡೆಯಲಿಲ್ಲ.

ನಿರ್ದೇಶಕನ ಆ ಕರಾವಳಿ ಊರಿನ ಚಿತ್ರೋತ್ಸವಕ್ಕೆ ಹಾಡಿಯಿಂದ ಒಬ್ಬರು ಬರಬೇಕೆಂದು ಕರೆ ಬಂತು. ದಾಸ ಹೋದ. ಪರದೆಯ ಮೇಲೆ ಅವನು ಹಗ್ಗ ಹಿಡಿದು ನಿಂತಿದ್ದ. ಮರುಕ್ಷಣವೇ ಕೆಂಚ ಬಿದ್ದ. ನಡುವೆ ಓಡಿಹೋದ ಮಹಾಶಯ ಎಲ್ಲೂ ಇರಲಿಲ್ಲ.

ದೀಪ ಹತ್ತಿದಾಗ ಒಬ್ಬಾಕೆ ಎದ್ದು ದಾಸನನ್ನು ಕೇಳಿದಳು, "ಯಾಕೆ ಕೈ ಬಿಟ್ರಿ?"

"ಹಿಡ್ದಿದ್ದೋನು ನಾನಲ್ಲ ಕಣವ್ವ..."

ಅಷ್ಟರಲ್ಲಿ ಮೈಕು ನಿರ್ದೇಶಕನ ಕೈಗೆ ಹೋಗಿತ್ತು. ಅವನು ದಾಸನ ಹೆಗಲ ಮೇಲೆ ಕೈಯಿಟ್ಟು, "ಅವರನ್ನು ದೂರಬೇಡಿ, ಪಾಪ. ನಾವೆಲ್ಲ ಅವರನ್ನು ಕ್ಷಮಿಸಿದ್ದೇವೆ," ಎಂದ.

ಆ ದೊಡ್ಡ ಮನಸ್ಸಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.